ಬಲಮಗ್ಗುಲು

ಅರಸೀಕೆರೆ ಸ್ಟೇಷನ್ನಿನ ಹಿಂದೆ
ಎಂಜಿನ್ನುಗಳು ನೀರು ಕುಡಿಯುತ್ತಿದ್ದ ಕಬ್ಬಿಣದ ಕಂಬದ ನೆರಳಲ್ಲಿ
ಜಟಕಾ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ನಮ್ಮ ದಾದಾ,
ಹಯಾತ್ ಪೀರ್,
ಭಾನುವಾರ ಹತ್ತರ ಆಟಕ್ಕೆ ಹೋಗುತ್ತಿದ್ದದ್ದು
ಕುದುರೆ ನೋಡಲಿಕ್ಕೆ.
ಮನುಷ್ಯ ಆಮೇಲೆ ಕಂಡದ್ದು.

ಇಂಗ್ಲಿಷು ಬಾರದು. ಯಾರು ಯಾರಿಗೆ ಯಾಕೆ ಗುಂಡು ಹೊಡೆದರೋ
ಪೂರಾ ತಿಳಿಯದು. ನೆಲದ ಟಿಕೆಟ್ಟು, ನಾಲ್ಕಾಣೆ.
ಮುಂದೆ ಕೂತವನ ಬೀಡಿ ಹೊಗೆಯಾಚೆ
ವಾರ್ಡ್ ಕ್ಯಾಲ್ಡರ್ ಬರುತ್ತಿದ್ದ ಧೂಳೆಬ್ಬಿಸಿಕೊಂಡು,
ಥೇಟು ನಮ್ಮ ತಿಪಟೂರು ರಸ್ತೆಯ ಧೂಳು.
ಆ ಹೆಸರು ಊರ ಬಾಯಿಗೆ ಬಿದ್ದು ಕಲ್ದಾರ್ ಆಯಿತು.
‘ಈ ವಾರ ಕಲ್ದಾರಂದು ಬಂತಾ?’
ರೀಲಿನ ಡಬ್ಬ ಇಳಿಸುವ ಹಮಾಲನನ್ನು
ಪ್ಲಾಟ್‌ಫಾರ್ಮಿನ ಮೇಲೇ ಹಿಡಿದು ಕೇಳುವರು.

ಮೂರನೆಯ ಸಿನಿಮಾದ ಹೊತ್ತಿಗೆ ದಾದಾ ಪತ್ತೆ ಹಚ್ಚಿದರು:
ಲೋಕದ ಸವಾರರೆಲ್ಲ ಎಡಕ್ಕೆ ಇಳಿದರೆ
ಇವನೊಬ್ಬ ಬಲಕ್ಕೆ.
ಜೊತೆಯವರು ಠೀವಿ ಅಂದರು.
ಪಿಸ್ತೂಲಿನ ಕೈಗೆ ಅದೇ ಸಲೀಸು ಅಂದ ಒಬ್ಬ, ತಾನೇ ಹೊಡೆದವನ ಹಾಗೆ.
ದಾದಾ ತಲೆಯಾಡಿಸಿದರು. ‘ಎಡ ಮಂಡಿ ಹೋಗಿದೆ.
ಕುದುರೆಗೂ ಗೊತ್ತು. ನೋಡ್ರಿ,
ಅವನು ಇಳಿಯೋ ಮುಂಚೆನೇ ಕಾಲು ಅಗಲಿಸಿ ನಿಂತ್ಕೊಳ್ಳುತ್ತೆ.’

ಒಮ್ಮೆ ಬಂತು ಹಳೆಯ ಪ್ರಿಂಟು, ಮೈಯೆಲ್ಲ ಗೀರು.
ಅದರಲ್ಲಿ ಕಲ್ದಾರ್ ಇನ್ನೂ ಹುಡುಗ,
ಗುಂಪಿನಲ್ಲೊಬ್ಬ, ಹೆಸರಿಲ್ಲದವ.
ಓಡುವ ಕುದುರೆ ಮುಗ್ಗರಿಸಿತು,
ಹಳ್ಳಕ್ಕೆ ಬಿದ್ದ ಹಾಗಲ್ಲ, ಗುಂಡು ತಗುಲಿದ ಹಾಗಲ್ಲ,
ಯಾರೋ ನೆಲದೊಳಗಿಂದ ಮುಂಗಾಲು ಎಳೆದ ಹಾಗೆ.
ಜನ ಸಿಳ್ಳೆ ಹೊಡೆದರು.
ದಾದಾ ಎದ್ದು ನಿಂತು ಕಿರುಚಿದರು:
‘ತಂತಿ! ತಂತಿ ಕಟ್ಟಿದಾರೆ, ಹರಾಮಿಗಳು!’
‘ಕೂತ್ಕೊಳ್ರೀ ಸಾಬ್ರೇ, ಕಾಣಲ್ಲ.’
ಕೂತರು.
ಹುಡುಗ ಕುದುರೆಯಡಿಯಿಂದ ಹೊರಬಂದನೋ ಇಲ್ಲವೋ
ಸಿನಿಮಾ ತೋರಿಸಲಿಲ್ಲ.

ಅವನು ಸತ್ತ ಸುದ್ದಿ ತಂದವರು ಗಾರ್ಡ್ ಪೆರೇರಾ,
ಹುಬ್ಬಳ್ಳಿ ಕಡೆಯ ರಾತ್ರಿ ಗಾಡಿ ಇಳಿದು.
ತಿಂಡಿ ಕಟ್ಟಿದ್ದ ಪೇಪರು ಬಿಡಿಸಿ
ಎಣ್ಣೆ ಕಲೆ ತಪ್ಪಿಸಿ ತಪ್ಪಿಸಿ ಓದಿದರು.
ನಿಜವಾದ ಹೆಸರು ಬೇರೆ. ಗಣಿ ಕೂಲಿಯ ಒಂಬತ್ತನೆಯ ಮಗ.
ಲಾಯದಲ್ಲಿ ಲದ್ದಿ ಬಾಚಿದ. ಚಿತ್ರ ಅರವತ್ತೆರಡು. ಮದುವೆ ಮೂರು.
ಕೊನೆಯ ಹತ್ತು ವರ್ಷ ಯಾರೂ ಕರೆಯಲಿಲ್ಲ.
ಶ್ವಾಸಕೋಶ, ಆಮೇಲೆ ಎಣ್ಣೆ.
ಹತ್ತೊಂಬತ್ತರಲ್ಲಿ ಮಂಡಿ ಚಿಪ್ಪು ಒಡೆದಿತ್ತು; ದೊಡ್ಡವನಾದ ಮೇಲೆ
ಪ್ರತಿ ಕರಾರಿನಲ್ಲೂ ಒಂದು ಸಾಲು ಬರೆಸುತ್ತಿದ್ದನಂತೆ:
ನಾನಿರುವ ಚಿತ್ರದಲ್ಲಿ ಕುದುರೆಗೆ ತಂತಿ ಕಟ್ಟಕೂಡದು.

ದಾದಾ ಸುತ್ತಿಗೆ ಕೆಳಗಿಟ್ಟರು.
ಲಾಳಕ್ಕೆ ಬಂದಿದ್ದ ಮಚ್ಚೆ ಹಣೆಯ ಹೆಣ್ಣು ಕುದುರೆ
ಮೂರು ಕಾಲಲ್ಲಿ ಕಾಯುತ್ತ ನಿಂತಿತು.
‘ಮದುವೆ ಮೂರೋ ಮೂವತ್ತೋ, ನಮಗ್ಯಾಕೆ ಸ್ವಾಮಿ,
ಆ ಒಂದು ಸಾಲು ಇನ್ನೊಂದು ಸಲ ಓದಿ.’

ಆವತ್ತಿನಿಂದ
ಲಾಳ ಕಟ್ಟಿದ ಕುದುರೆಯನ್ನು ಒಂದು ಸುತ್ತು ಓಡಿಸಿ ನೋಡಿದಾಗ
ಅವರು ಇಳಿಯುತ್ತಿದ್ದದ್ದು ಬಲಕ್ಕೆ. ಅವರ ಎರಡೂ ಮಂಡಿ ಗಟ್ಟಿಯಿದ್ದವು.
ನೋಡಿ ನೋಡಿ ಅಬ್ಬಾ ತಮ್ಮ ಮೊಪೆಡ್ಡಿನಿಂದ ಬಲಕ್ಕೆ.
ಅಬ್ಬಾ ಒಂದೂ ಕಲ್ದಾರ್ ಸಿನಿಮಾ ನೋಡಿದವರಲ್ಲ.

ಟಾಕೀಸು ಈಗ ಸಿಮೆಂಟಿನ ಗೋದಾಮು.
ಫೋನಿನಲ್ಲಿ ಹುಡುಕಿದೆ: ಸಿಕ್ಕಿದ್ದು ನಾಲ್ಕು ನಿಮಿಷದ ಚೂರು,
ಅದರಲ್ಲಿ ಅವನು ಇಳಿಯುವುದೇ ಇಲ್ಲ,
ಹೋಗುತ್ತಲೇ ಇರುತ್ತಾನೆ.

ನಾನು ಬಾಣಾವರದ ದನದ ಆಸ್ಪತ್ರೆಯಲ್ಲಿದ್ದೇನೆ.
ಕಳೆದ ವಾರ ಹಂದಿಗೆಂದು ಒಡ್ಡಿದ ಉರುಳಿಗೆ
ಕರುವೊಂದು ಸಿಕ್ಕಿಕೊಂಡಿದೆಯೆಂದು ಕರೆ ಬಂತು.
ಸ್ಕೂಟರ್ ನಿಲ್ಲಿಸಿದೆ, ಇಳಿದೆ,
ಲಾರಿಯೊಂದು ಬೈದುಕೊಂಡು ಸವರಿ ಹೋಯಿತು.
ಹಿಂದೆ ಕೂತಿದ್ದ ಹೊಸ ಹುಡುಗ, ಔಷಧಿ ಚೀಲ ತಬ್ಬಿಕೊಂಡು:
‘ಎಲ್ಲರೂ ಎಡಕ್ಕೆ ಇಳೀತಾರೆ. ಮಂಡಿ ನೋವಾ ಮೇಡಂ?’

‘ಹೌದು,’ ಅಂದೆ. ‘ನಂದಲ್ಲ.
ಕಟ್ಟರ್ ಕೊಡು.’