ಶನಿವಾರದ ಇಸ್ತ್ರಿ

ಬ್ಯಾಲರಾಟ್‌ನ ಜುಲೈ. ಹುಲ್ಲಿನ ಮೇಲೆ ಬೆಳ್ಳಗೆ ಹಿಮ,
ನೀಲಿಗಲ್ಲಿನ ಚರ್ಚಿನ ಹಿಂದೆ ಹೀಟರ್ ಕೆಟ್ಟ ಕೋಣೆಯಲ್ಲಿ
ಶನಿವಾರ ಶನಿವಾರ ನಾವಿಬ್ಬರೇ:
ನಾನು, ಮತ್ತೆ ಮೊರೀನ್ ಹ್ಯಾನಿಗನ್,
ಎಂಬತ್ತೊಂದು ವರ್ಷ, ಎರಡು ಸಲ ಕೊಯ್ಯಿಸಿಕೊಂಡ ಸೊಂಟ.

ಬಲಿಪಾತ್ರೆ ಒರೆಸುವ ಬಿಳಿ ಬಟ್ಟೆಗಳು ಅವಳ ಪಾಲು,
ಹಿತ್ತಾಳೆ ದೀಪಗಂಬಗಳು ನನ್ನವು.
ಉದ್ದಕ್ಕೆ ಮೂರು ಮಡಿಕೆ, ಕಸೂತಿಯ ಶಿಲುಬೆ ನಟ್ಟನಡುವೆ,
ಲೆಕ್ಕ ಇಷ್ಟೇ.
ಅವಳ ಶಿಲುಬೆ ಸದಾ ಎಡಕ್ಕೆ ವಾಲುತ್ತಿತ್ತು,
ಅಂಚಿಗೆ ಅಂಚು ಕೂಡುತ್ತಿರಲಿಲ್ಲ.
ಅವಳ ಹಳೇ ಹೋಲ್ಡನ್ ಮೂಲೆ ತಿರುಗುವ ತನಕ ಕಾದು
ನಾನು ಎಲ್ಲ ಬಿಚ್ಚಿ, ನೀರು ಚಿಮುಕಿಸಿ,
ಮತ್ತೆ ಇಸ್ತ್ರಿ ತೀಡುತ್ತಿದ್ದೆ.
ಯಾರಿಗೂ ಹೇಳಲಿಲ್ಲ.
ಹೇಳದೆ ಇದ್ದೆನಲ್ಲ ಎಂಬುದನ್ನು
ರಾತ್ರಿ ಜಪಸರದ ನಡುವೆ ದೇವರಿಗೆ
ಎರಡೆರಡು ಸಲ ನೆನಪಿಸುತ್ತಿದ್ದೆ.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಿದ್ದಳು ಅಮ್ಮ.
ತುಳುಕದೇ ನಡೆದೆ, ನಿಜ,
ಬೀದಿಯ ಎರಡೂ ಬದಿ ಕಣ್ಣು ಹಾಯಿಸುತ್ತ,
ನೋಡಿದರೇ ಯಾರಾದರೂ ಎಂದು.

ಪಾಪನಿವೇದನೆಗೆ ಹೋದೆ. ಫಾದರ್ ವಿನ್, ವಿಯೆಟ್ನಾಮಿನವರು;
ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ
ಜಾಲರಿಯ ಬಳಿ ತಡವರಿಸಿಕೊಂಡು ಸಂಧಿಸುತ್ತವೆ.
"ಅಹಂಕಾರ, ಫಾದರ್."
ಉದಾಹರಣೆ ಕೊಟ್ಟೆ, ಬೇರು ಬಿಡಿಸಿ ತೋರಿಸಿದೆ,
ಹದವಾಗಿ ಕಣ್ಣೀರೂ ಬಂತು.
ಹೊರಗೆ ಬಂದಾಗ ಅನ್ನಿಸಿತು:
ಎಷ್ಟು ಚೆನ್ನಾಗಿ ಹೇಳಿದೆ!

ಪ್ರಾಯಶ್ಚಿತ್ತ ಒಂದೇ ಒಂದು 'ನಮೋ ಮರಿಯಾ'.
"ನಿಧಾನಕ್ಕೆ" ಎಂದಿದ್ದರು.
ಒಂದೇ? ನನ್ನಂಥವಳಿಗೆ?
ಐವತ್ಮೂರು ಮಣಿ ಹನ್ನೆರಡು ನಿಮಿಷದಲ್ಲಿ ಮುಗಿಸುವ ನಾಲಿಗೆಗೆ
ಆ ಒಂದು ದಾಟಲು ವಾರ ಹಿಡಿಯಿತು.
'ಪಾಪಿಗಳಾದ ನಮಗಾಗಿ' ಎಂಬಲ್ಲಿ ಕಾಲೆಡವಿ ನಿಂತೆ.
ಆ ಬಹುವಚನದ ಬೆಂಚಿನಲ್ಲಿ, ಮೊರೀನಳ ಪಕ್ಕ,
ಕೂರಲು ಜಾಗವಿರಲಿಲ್ಲವೋ
ಮನಸ್ಸಿರಲಿಲ್ಲವೋ.

ಭಾನುವಾರ, ಇನ್ನೂ ಕತ್ತಲೆ.
ಹಿಂದಿನ ದಿನ ಮರೆತ ಕನ್ನಡಕ ಹುಡುಕಿಕೊಂಡು ಬಂದರೆ
ಕೋಣೆಯಲ್ಲಿ ದೀಪ.
ಮೊರೀನ್, ಆ ಸೊಂಟದಲ್ಲಿ, ನೆಲಕ್ಕೆ ಮಂಡಿಯೂರಿ,
ಹಲ್ಲುಜ್ಜುವ ಬ್ರಷ್ಷಿನಿಂದ
ನನ್ನ ದೀಪಗಂಬದ ಕೆತ್ತನೆಯ ಸಂದಿಯಲ್ಲಿ
ನಾನು ಬಿಟ್ಟುಹೋದ ಪಾಲಿಶಿನ ಬಿಳಿ ಕೀಳುತ್ತಿದ್ದಾಳೆ.
ಕೂದಲೆಲ್ಲ ಹಸಿರಾಗಿ ಬಾಗಿತ್ತು ಬ್ರಷ್.
ಹನ್ನೊಂದು ವರ್ಷ ನನ್ನ ಹಿಂದೆ ಸವೆದ ಬ್ರಷ್.

"ಓ, ಇನ್ನಾ" ಎಂದಳು, ಕಳ್ಳಿ ಸಿಕ್ಕಿಬಿದ್ದ ಹಾಗೆ ಕೆಂಪಾಗಿ.
ಇನ್ನಾಸಮ್ಮ ಅವಳ ಬಾಯಲ್ಲಿ ಉಳಿದಿರುವುದು ಅಷ್ಟೇ,
ನನ್ನ ಕಿವಿಗೆ ಅದು ಯಾವಾಗಲೂ ಒಂದು ಪ್ರಶ್ನೆ:
ಇನ್ನೂ?
"ನನ್ನ ಬಟ್ಟೆಗಳೂ ನೋಡು," ನಕ್ಕಳು,
"ಶನಿವಾರ ಸೊಟ್ಟಗಿದ್ದದ್ದು ಭಾನುವಾರ ನೆಟ್ಟಗಿರುತ್ತವೆ.
ದೇವದೂತರ ಕೆಲಸ ಇರಬೇಕು."

ಕ್ಷಮಾಪಣೆ ಗಂಟಲಿಗೆ ಬಂತು,
ಪೂರ್ತಿ ವಾಕ್ಯ, ಒಳ್ಳೇ ಮುಕ್ತಾಯ ಸಮೇತ.
ಅಷ್ಟು ಚೆನ್ನಾಗಿ ಬಂದಿತೆಂದೇ ನುಂಗಿದೆ.
"ಇನ್ನೊಂದು ಬ್ರಷ್ ಇದೆಯಾ?" ಎಂದೆ.
ಮಂಡಿ ಲಟ್ಟೆಂದಿತು. ನೆಲ ಥಣ್ಣಗಿತ್ತು.
ಕೆಳಗಿನಿಂದ ನೋಡಿದರೆ
ನಾನು ಬಿಟ್ಟ ಬಿಳಿ ಅದೆಷ್ಟು, ಸಂದಿ ಸಂದಿಯಲ್ಲೂ!

ಬಟ್ಟೆಯ ಮೊದಲ ನೀರು ಮೋರಿಗೆ ಹೋಗುವಂತಿಲ್ಲ,
ಮಣ್ಣಿಗೇ ಸುರಿಯಬೇಕು; ಗೋಡೆಯಾಚೆಯ
ಗುಲಾಬಿ ಬುಡಕ್ಕೆ ಈಗ ಇಬ್ಬರೂ ಹೋಗಿ ಸುರಿಯುತ್ತೇವೆ,
ಅವಳು ಬೇಲಿಯ ಮ್ಯಾಗ್‌ಪೈಗೆ ಬೈಯುತ್ತ.

ಶಿಲುಬೆ ಈಗಲೂ ಎಡಕ್ಕೇ. ಕೈ ಈಗಲೂ ತುರಿಸುತ್ತದೆ.
ಕಳೆದ ಶನಿವಾರ ತಡೆಯಲಾರದೆ ಒಂದನ್ನು ಬಿಚ್ಚಿದೆ,
ನಾಚಿ, ಅವಳು ಮಡಿಸಿದ್ದಂತೆಯೇ
ವಾಲಿಸಿ ಮಡಿಸಲು ಕೂತೆ.
ಮೂರು ಸಲ ನೋಡಿದೆ.
ಬರಲಿಲ್ಲ.