ಷರಾ

ನಮೂನೆಯಲ್ಲಿ ಎರಡೇ ಮನೆ: ಇದೆ, ಇಲ್ಲ.
ಕೊನೆಗೆ ಷರಾ ಎಂದು ಬೆರಳಗಲದ ಜಾಗ.
ಟಿಬಿಲಿಸಿಯ ಅಂಚಿನ ಈ ಹದಿನಾರು ಅಂತಸ್ತನ್ನು
ಅದರೊಳಗೆ ಮಡಿಸಿಡಬೇಕು ನಾನು, ಸಂಜೆ ಐದರೊಳಗೆ.

ಲಿಫ್ಟು: ಇದೆ.
ಇಪ್ಪತ್ತು ತೆತ್ರಿಯ ನಾಣ್ಯ ಹಾಕಿದರೆ ಕೆಮ್ಮುತ್ತದೆ,
ಇನ್ನೊಂದು ಹಾಕಿದರೆ ಏಳುತ್ತದೆ,
ಏಳಕ್ಕೂ ಎಂಟಕ್ಕೂ ನಡುವೆ ನಿಂತು ಯೋಚಿಸುತ್ತದೆ.
ಯೋಚನೆ ಉದ್ದವಾದರೆ ಜಾವುರಿ ಬರಬೇಕು
ಮುಮ್ಮೂಲೆ ಕೀಲಿ ಹಿಡಿದು, ಕೈಯಲ್ಲಿದ್ದ ಸಿಗರೇಟು ಮುಗಿಸಿ.
ಹಗ್ಗ ಸವೆದಿದೆಯಲ್ಲ ಅಂದೆ.
‘ಸವೆದಿದೆ. ಆದರೆ ಪರಿಚಯದ ಹಗ್ಗ.’

ಬೆಂಕಿ ಬಿದ್ದಾಗ ಲಿಫ್ಟು ಬಳಸಕೂಡದು
ಎಂಬ ಫಲಕ ಅಂಟಿಸುತ್ತಿದ್ದೆ.
ಹನ್ನೊಂದನೇ ಮಹಡಿಯ ತ್ಸಿಯಾಲಾ
ಊರುಗೋಲಿಗೆ ಗದ್ದ ಊರಿ ಪೂರ್ತಿ ಓದಿದಳು.
‘ಬೀಳದಾಗ ಬರಬೇಕು ಅಂತ
ಅದಕ್ಕೆ ಯಾರು ಹೇಳುತ್ತಾರೆ?’

ಮೆಟ್ಟಿಲು: ಇದೆ, ಎನ್ನಬಹುದು.
ಉಪ್ಪಿನಕಾಯಿ ಜಾಡಿ, ಚಕ್ರವಿಲ್ಲದ ಸೈಕಲ್ಲು,
ಯಾರದೋ ಮದುವೆಗೆ ತಂದು ಉಳಿದ ಬೆಂಚು,
ಐದನೇ ತಿರುವಿನಲ್ಲಿ ಒಂದು ಇಡೀ ಬೀರು.
ಹೋದ ತಿಂಗಳು ಹದಿನಾಲ್ಕರ ಒತಿಯಾ ತೀರಿಕೊಂಡ.
ಪೆಟ್ಟಿಗೆ ಲಿಫ್ಟಿಗೆ ಹಿಡಿಸಲಿಲ್ಲ.
ಆವತ್ತು ಎಲ್ಲ ಬಾಗಿಲೂ ತೆರೆದವಂತೆ,
ಜಾಡಿಗಳೆಲ್ಲ ಒಳಗೆ ಹೋದವಂತೆ,
ಬೀರುವನ್ನು ನಾಲ್ವರು ಹುಡುಗರು ಎತ್ತಿದರಂತೆ.
ಸತ್ತವನಿಗೆ ಒಂದೇ ಗಂಟೆಯಲ್ಲಿ ತೆರವಾದ ದಾರಿ.
ಇರುವವರಿಗೆ ನಾನು ಮೂವತ್ತು ದಿನ ಕೊಡುತ್ತೇನೆ,
ರುಜು ಹಾಕಿ, ಮೊಹರು ಒತ್ತಿ.

ಇನ್ನು ಆ ಕಿಂಡಿ.
ಹಳೆಯ ನಕ್ಷೆ ಬರೆದವನಿಗೆ ಭಯವೋ ಕನಿಕರವೋ,
ಪ್ರತಿ ಬಾಲ್ಕನಿಯ ನೆಲದಲ್ಲೊಂದು ಚೌಕ,
ಕಬ್ಬಿಣದ ಮುಚ್ಚಳ, ಕೆಳಮನೆಗೆ ಇಳಿಯುವ ಏಣಿ.
ಹೊಗೆ ಬಂದರೆ
ನೆರೆಯವರ ಬಾಲ್ಕನಿಗೆ ಕಾಲು ಇಳಿಬಿಡಬೇಕು, ಅಷ್ಟೇ.
ಆ ಕರೆಂಟಿಲ್ಲದ ಚಳಿಗಾಲಗಳಲ್ಲಿ, ರೊಟ್ಟಿಗೆ ರಾತ್ರಿಯಿಡೀ ಸಾಲು ನಿಂತ ವರ್ಷ,
ಆ ದಾರಿ ಬಳಸಿದವರು ಕಳ್ಳರು ಮಾತ್ರ.
ತ್ಸಿಯಾಲಾಳ ಹೊಲಿಗೆ ಯಂತ್ರ ಹೋಯಿತು, ಗಂಡನ ಕೋಟು ಹೋಯಿತು.
ಊರು ಕೊಳ್ಳೆಯಾದ ಮೇಲೆ ಕೋಟೆ ಬಾಗಿಲು ಹಾಕಿದರು,
ಹಾಕಿಕೊಂಡು ಒಳಗೇ ಉಳಿದರು.
ಮುಚ್ಚಳಕ್ಕೆ ಬೆಸುಗೆ, ಬೆಸುಗೆಯ ಮೇಲೆ ಸಿಮೆಂಟು,
ಸಿಮೆಂಟಿನ ಮೇಲೆ ಬಟ್ಟೆ ಒಗೆಯುವ ಮೆಷಿನ್ನು.
ಅದೂ ಸೋರಿ ಕೆಳಮನೆಯ ಮುರ್ಮಾನ್‌ನ ಜಮಖಾನೆ ನೆಂದು
ಹನ್ನೊಂದು ವರ್ಷ ಮಾತಿಲ್ಲ.
ಅವಳ ಊರುಗೋಲಿನ ಸದ್ದಿಗೆ ಅವನು
ಪೊರಕೆಯ ಹಿಡಿಯಿಂದ ಮಾಡು ಕುಟ್ಟುತ್ತಾನೆ.
ಕುಟ್ಟದ ದಿನ ಅವಳು
ಎರಡು ಸಲ ನಡೆದಾಡುತ್ತಾಳೆ. ಇದನ್ನು ಬರೆಯಲು ನನಗೆ ಮನೆಯಿಲ್ಲ.

ನೋಟೀಸಿಗೆ ಮಣಿದು ಕೊನೆಗೆ
ಗ್ಯಾಸ್ ಕಟ್ಟರ್ ತರಿಸಿದರು.
ಕಿಡಿ ಹಾರದಂತೆ ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ನಿಂತೆ
(ಬೆಂಕಿಯ ಇಲಾಖೆಯವನ ಕೈಯಿಂದಲೇ ಬೆಂಕಿ ಬಿದ್ದರೆ!).
ತುಕ್ಕು ಮುರ್ಮಾನ್‌ನ ಹೆಗಲ ಮೇಲೆ ಸುರಿಯಿತು.
ಮುಚ್ಚಳ ಎದ್ದಿತು.
ಕೆಳಗಿಂದ ಒಂದು ಮುಖ, ಮೇಲಿಂದ ಒಂದು ಮುಖ,
ನಡುವೆ ಕಟ್ಟಡದ ಧೂಳು.
‘ಬೋಳಾಗಿದ್ದೀಯ’ ಅಂದಳು.
ಅವನು ತಲೆ ಸವರಿಕೊಂಡ, ಉತ್ತರ ಕೊಡಲಿಲ್ಲ.

ಇವತ್ತು ಮೂವತ್ತನೇ ದಿನ.
ಮೆಷಿನ್ನು ಪಕ್ಕಕ್ಕೆ ಸರಿದಿದೆ.
ಏಣಿಯಲ್ಲಿ ಮೂರು ಮೆಟ್ಟು ಮೊದಲೇ ಇರಲಿಲ್ಲ,
ಆ ಜಾಗಕ್ಕೆ ಮುರ್ಮಾನ್ ಬೆಂಚಿನ ಹಲಗೆ ಕೊಯ್ದು ಕೂರಿಸಿದ್ದಾನೆ.
ನಯವಾಗಿ ಉಜ್ಜಿದ್ದಾನೆ, ಕಾಲು ಜಾರದಂತೆ ಗೀರಿದ್ದಾನೆ,
ಒಂದೊಂದರ ನಡುವೆ ಒಂದು ಮುದುಕಿಯ ಮಂಡಿಯ ಅಳತೆ.
ಆದರೆ ಮರ.
ಮರ ಉರಿಯುತ್ತದೆ. ನಿಯಮ ಒಪ್ಪುವುದಿಲ್ಲ.

ಮೇಲಿಂದ ಅವಳು ನೋಡುತ್ತಿದ್ದಾಳೆ, ಕೆಳಗಿಂದ ಅವನು.
ಗಂಟೆ ನಾಲ್ಕೂ ಮುಕ್ಕಾಲು.
ಎರಡು ಮನೆಗಳ ನಡುವಿನ ಗೆರೆಯ ಮೇಲೆ
ನಿಂತುಬಿಟ್ಟಿದೆ ಪೆನ್ನು,
ಏಳಕ್ಕೂ ಎಂಟಕ್ಕೂ ನಡುವಿನ
ಆ ಲಿಫ್ಟಿನ ಹಾಗೆ.