ಯಾರ ಪೈಕಿ

"ಹಿರೇಬ್ಯಾನಿ ಅಲ್ರಿ ಇದು," ಅಂದಳು ಗಾಳೆಮ್ಮ,
ಆಡಿನ ಕೆಳದುಟಿ ಹೆಬ್ಬೆರಳಿನಿಂದ ಮಡಚಿ ತೋರಿಸಿ,
"ಆದ್ರ ಅದರ ಪೈಕಿನೇ."

ಹಟ್ಟಿ ಗಣಿಯ ಬೂದಿಮಣ್ಣಿನ ದಿಬ್ಬದ ಹಿಂದೆ
ಜಾಲಿಮುಳ್ಳಿನ ದೊಡ್ಡಿ. ಏಳು ಗಂಟೆಗೇ ಬಂಡೆ ಕಾದಿತ್ತು.
ಕೈಗವಸು ಹಾಕಿ ಹತ್ತಿಕಡ್ಡಿ ತೆಗೆದೆ,
ಮೂಗಿಗೊಂದು, ಕಣ್ಣಿಗೊಂದು, ವಸಡಿಗೊಂದು,
ನಸುಗೆಂಪು ನೀರಿನ ಸೀಸೆಗೆ ಲಟಕ್ಕನೆ ಮುರಿದು ಹಾಕಿ
ನಂಬರು ಬರೆದೆ: ಏಳು.
"ಅದಕ್ಕ ಹೆಸರೈತಿ. ಬೆಳ್ಳಿಚುಕ್ಕಿ."
ಫಾರ್ಮಿನಲ್ಲಿ ಆ ಕಾಲಮ್ಮು ಇಲ್ಲ.

ಮೊದಲಿನದು ಬಾಯಿಗೆ ಬಂದು ಹೊಟ್ಟೆಗಿಳಿಯುತ್ತಿತ್ತಂತೆ.
ಇದಕ್ಕೆ ಬೇಧಿಯೇ ಮೊದಲು, ಕೆಮ್ಮು ರಾತ್ರಿ ಮಾತ್ರ,
ಮರಿಗಳನ್ನು ಬಿಟ್ಟು ತಾಯಿಗಳನ್ನೇ ಹಿಡಿದಿದೆಯಂತೆ.
ಉಸಿರಿನ ನಾತವೂ ಹಳೇದರಷ್ಟಿಲ್ಲ,
ಒಂದಿನ ಹುಳಿತ ಅಂಬಲಿಯಷ್ಟು.
"ಆ ವಾಸನಿ ಬರಕೋರಿ," ಅಂದಳು.
ಬರೆದುಕೊಳ್ಳಲಿಲ್ಲ ನಾನು.

ಲಿಂಗಸೂಗೂರು, ರಾಯಚೂರು, ಐಸ್ ಡಬ್ಬಿ ತೊಡೆಯ ಮೇಲೆ.
"ಕುಲ್ಫಿ ಏನ್ರಿ?" ಕಂಡಕ್ಟರು ಕೇಳಿದ,
ಲಗೇಜು ಅಂತ ಹನ್ನೆರಡು ರೂಪಾಯಿ ಹರಿದ.

ನಮ್ಮಪ್ಪ ಇದೇ ಗಣಿಯ ತೂಕದ ಕೋಣೆಯಲ್ಲಿದ್ದ.
ಟನ್ನುಗಟ್ಟಲೆ ಕಲ್ಲು ಅರೆದು ಸೋಸಿದ ಮೇಲೆ
ಉಳಿದ ಸಾಸಿವೆಕಾಳನ್ನು
ಉಸಿರು ಬಿಗಿಹಿಡಿದು ತೂಗುತ್ತಿದ್ದ;
ಉಸಿರಿಗೂ ಅಲ್ಲಾಡುತ್ತಿತ್ತು ತಕ್ಕಡಿ.
ನನ್ನ ತಕ್ಕಡಿ ಪರದೆಯ ಮೇಲೆ:
ಹದಿನಾರು ಸಾವಿರ ಅಕ್ಷರದ ಒಂದೇ ಸಾಲು,
ಒತ್ತಿಲ್ಲ, ದೀರ್ಘವಿಲ್ಲ, ಇರುವುದು ನಾಕೇ ಅಕ್ಷರ.
ಹಳೆಯ ಸಾಲಿನ ಮಗ್ಗುಲಿಗೆ ಹೊಸದನ್ನು ಮಲಗಿಸಿ
ಎಲ್ಲೆಲ್ಲಿ ತಪ್ಪಿದೆ ನೋಡುವುದು,
ಪರೀಕ್ಷೆಯಲ್ಲಿ ನಕಲು ಹೊಡೆದ ಹುಡುಗ
ಯಾರ ಪಕ್ಕ ಕೂತಿದ್ದನೆಂದು
ಅವನ ತಪ್ಪುಗಳಿಂದಲೇ ಹಿಡಿದ ಹಾಗೆ.

ಆರು ವಾರ ಹಿಡಿಯಿತು. ಮೇಲಿನ ಲ್ಯಾಬಿನವರು
ಮರ ಬರೆದು ಕಳಿಸಿದ್ದರು: ಬೊಡ್ಡೆ, ಕವಲು,
ಒಂದು ಕಡೆ ಹೊಸದಾಗಿ ಒಡೆದ ಎಳೇ ಟೊಂಗೆ,
ತುದಿಗೆ ಸಣ್ಣಕ್ಷರದಲ್ಲಿ: ಆಡು, ಹಟ್ಟಿ, ಏಳು.

ಇಪ್ಪತ್ತೆರಡರಲ್ಲಿ ಒಂಬತ್ತು ಉಳಿದಿದ್ದವು ಗಾಳೆಮ್ಮನಿಗೆ.
ಬಂಡೆಯ ಮೇಲೆ ಮರ ಹಾಸಿದೆ.
ಓದು ಬಾರದ ಬೆರಳು ತಡವರಿಸಲೇ ಇಲ್ಲ.
"ಇದು ಅಜ್ಜಿ?" ಹೌದು.
"ಇವು ದಾಯಾದಿ." ಹೌದು.
"ಈ ಅಕ್ಕನ ಮನಿ ಯಾವ ಕಡೆ?"
ಹೊಳೆಯಾಚೆ, ಅಂದೆ.
ಬೆರಳು ಅಲ್ಲೇ ನಿಂತಿತು.
"ಹಂಗಾದ್ರ ಹೋತನ ಜೋಡಿ ಬಂದೈತಿ.
ಹೊಳಿ ದಾಟಿಸಿ ತಂದವಳು ನಾನs.
ದಾರ್ಯಾಗ ಎರಡು ಸಲ ಸೀನಿತ್ತು,
ದೂಳು ಅಂದ್ಕೊಂಡೆ."

ಏನು ಹೇಳಲಿ? ಕಾಗದ ತಿರುವಿ ಹಿಂಬದಿಗೆ ಬರೆದೆ:
ಹೋತ. ಎರಡು ಸೀನು.
ಅಂಬಲಿಯ ವಾಸನೆ, ಒಂದಿನ ಹುಳಿತದ್ದು.
ಏಳು ಅಂದರೆ ಬೆಳ್ಳಿಚುಕ್ಕಿ.

ಪೆನ್ನಿನ ಮುಚ್ಚಳ ಹುಡುಕುವುದರೊಳಗೆ
ಅದರ ಮರಿ ಬಂದು ಮರಕ್ಕೆ ಬಾಯಿ ಹಾಕಿತ್ತು,
ಎಳೇ ಟೊಂಗೆಯ ಕಡೆಯಿಂದ.